ಅಜ್ಜನ ಚಾಕು ಮತ್ತು ಕಾಣೆಯಾದ ಡಿ

ನಮ್ಮ ಅಜ್ಜನ ಆಸ್ತಿಯಲ್ಲಿ ಹೊಲ ದೊಡ್ಡಪ್ಪನಿಗೂ ಮನೆ ಕಾಕಾನಿಗೂ ಹೋದ ಮೇಲೆ ನನ್ನ ಪಾಲಿಗೆ ಉಳಿದದ್ದು ಒಂದು ತಗಡಿನ ಟ್ರಂಕು ಮತ್ತು ಅದರ ತಳದಲ್ಲಿದ್ದ ಒಂದು ಮಡಚುವ ಚಾಕು. ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಅದು ವರ್ಷವಿಡೀ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತ, ಖಂಡೇಪೂಜೆಯ ದಿನ ಮಾತ್ರ ದೇವರ ಜಗಲಿಯನ್ನೇರಿ ವಿಭೂತಿ ಹಚ್ಚಿಸಿಕೊಳ್ಳುತ್ತ, ಯಾರ ತಂಟೆಗೂ ಹೋಗದೆ ಬಾಳುತ್ತಿತ್ತು. ಕಳೆದ ಬೇಸಿಗೆಯಲ್ಲಿ ಬಂದ ಅಳಿಯ, ಇಂಥ ಹಳೆಯ ಚಾಕುಗಳಿಗೆ ಪರದೇಶದಲ್ಲಿ ಭಾರೀ ಬೆಲೆಯಿದೆಯೆಂದು ಒಂದು ಮಾತು ಒಗೆದು, ತಟ್ಟೆಯಲ್ಲಿದ್ದ ಕುಂದಾ ಮುಗಿಸಿ ಊರಿಗೆ ಹೋದ. ನನ್ನ ನಿದ್ದೆಯೂ ಅವನ ಜೊತೆಗೇ ಬಸ್ಸು ಹತ್ತಿತು.

ಮಾರುವ ಎಮ್ಮೆಯ ಮೈ ತೊಳೆಯದೆ ಯಾರೂ ಸಂತೆಗೆ ಒಯ್ಯುವುದಿಲ್ಲವೆಂಬುದು ನನ್ನ ತರ್ಕವಾಗಿತ್ತು. ಆದ್ದರಿಂದ ಚಾಕುವನ್ನು ಮೊದಲು ಹುಣಸೆಹಣ್ಣಿನಿಂದಲೂ, ಅದಕ್ಕೂ ಬಗ್ಗದೆ ಉಳಿದ ಕಪ್ಪನ್ನು ಉಸುಕಿನ ಕಾಗದದಿಂದಲೂ ಎರಡು ಮಧ್ಯಾಹ್ನ ತಿಕ್ಕಿದೆ. ಅಲಗು ಸ್ಟೀಲ್ ಚಮಚದಂತೆ ಹೊಳೆಯಿತು. ಸ್ಪ್ರಿಂಗ್ ಬಿಗಿಯಾಗಿದೆಯೆನ್ನಿಸಿ ಅಡುಗೆಮನೆಯಲ್ಲಿದ್ದ ಕುಸುಬಿ ಎಣ್ಣೆಯನ್ನು ಧಾರಾಳವಾಗಿ ಬಿಟ್ಟೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಬಣ್ಣದೆಣ್ಣೆಯಂತೆ ಅಂಟಾಗುತ್ತದೆಂಬ ಸಂಗತಿ ನನಗೆ ತಿಳಿದದ್ದು ವಾರದ ನಂತರ, ಅಲಗು ಹಿಡಿಯೊಳಗೆ ಮುದ್ರೆಯೊತ್ತಿದ ಲಕೋಟೆಯಂತೆ ಕೂತಾಗ. ಅದನ್ನು ತೆರೆಯಲು ಹೋಗಿ ಹೆಬ್ಬೆರಳಿನ ಉಗುರು ಮುರಿದುಕೊಂಡೆ.

ಚಾಕುವಿನ ವಯಸ್ಸಿನ ವಿಷಯದಲ್ಲಿ ನಮ್ಮ ಮನೆತನಕ್ಕೆ ಯಾವ ಸಂಶಯವೂ ಇರಲಿಲ್ಲ. ಅಲಗಿನ ಬುಡದಲ್ಲಿ ಜಿ ಮತ್ತು ಆರ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿದ್ದವು. ಅಜ್ಜನ ಹೆಸರು ಜಿ ಇಂದಲೂ ಅವರ ತಂದೆಯ ಹೆಸರು ಆರ್‌ನಿಂದಲೂ ಆರಂಭವಾಗುತ್ತಿದ್ದುದರಿಂದ, ಅಜ್ಜ ಖಡೇಬಜಾರಿನಲ್ಲಿ ಎದುರಿಗೆ ಕೂತು ಹೆಸರು ಕೆತ್ತಿಸಿಕೊಂಡರೆಂಬುದು ಕಾಕಾನ ಅಚಲ ನಂಬಿಕೆ. ಎರಡಕ್ಷರಗಳ ನಡುವೆ ಇದ್ದ ಗುಬುಟು ಗುಬುಟಾದ ಗುರುತನ್ನು ನಮ್ಮ ಅಜ್ಜಿ ಲಿಂಗವೆಂದು ತಿಳಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. 1924ರಲ್ಲಿ ಇದೇ ಟಿಳಕವಾಡಿಯಲ್ಲಿ, ಈಗ ಕಾಂಗ್ರೆಸ್ ಬಾವಿ ಇರುವಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದಾಗ, ಅಜ್ಜ ಸ್ವಯಂಸೇವಕರಾಗಿ ಇದೇ ಚಾಕುವಿನಿಂದ ಪಂಕ್ತಿಗೆ ಬಾಳೆ ಎಲೆ ಕೊಯ್ದರೆಂಬುದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ.

ಊರಿನ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಕತ್ತಿ, ಚಾಕು, ಹಳೆಯ ಪದಕಗಳನ್ನು ಕೂಡಿಡುವ ಹವ್ಯಾಸದ ನಿವೃತ್ತ ಸುಬೇದಾರರೊಬ್ಬರಿದ್ದಾರೆಂದು ತಿಳಿದು ಅವರಲ್ಲಿಗೆ ಹೋದೆ. ಅವರು ಸೀಮೆಎಣ್ಣೆಯ ಎರಡು ಹನಿ ಬಿಟ್ಟು ಚಾಕುವನ್ನು ತೆರೆದವರೇ, ಅಪಘಾತದ ಸ್ಥಳಕ್ಕೆ ಬಂದವರ ದನಿಯಲ್ಲಿ, "ಯಾರ್ರೀ ಸರ ಇದನ್ನ ಹಿಂಗ ತಿಕ್ಕಿದಾವ್ರು?" ಎಂದು ಕೇಳಿದರು. ಮನೆಗೆಲಸದವಳೆಂದು ಹೇಳಿದೆ. ನಮ್ಮಲ್ಲಿ ಮನೆಗೆಲಸದವಳಿಲ್ಲ. ಅಲಗಿನ ಮೇಲೆ ಕಾಲ ಹೊದಿಸಿದ ಕಪ್ಪು ಛಾಯೆಗೇ ಸಂಗ್ರಾಹಕರು ಹಣ ಕೊಡುತ್ತಾರೆಂದೂ, ಅಜ್ಜ ಸಾಣೆ ಹಿಡಿದು ಹಿಡಿದು ಅಲಗಿನ ಅಗಲ ಕಳೆದಿದ್ದರಿಂದ ಅರ್ಧ ಬೆಲೆ ಆಗಲೇ ಹೋಗಿತ್ತೆಂದೂ, ಉಳಿದರ್ಧವನ್ನು ಉಸುಕಿನ ಕಾಗದ ನೋಡಿಕೊಂಡಿತೆಂದೂ ಅವರು ವಿವರಿಸಿದರು.

ಅನಂತರ ಭೂತಗನ್ನಡಿ ಹಿಡಿದು ನಕ್ಕರು. ಅಜ್ಜಿಯ ಲಿಂಗವು ಇಂಗ್ಲೆಂಡಿನ ಕಿರೀಟವಾಗಿತ್ತು. ಅಲ್ಲಿಯ ಶೆಫೀಲ್ಡ್ ಊರಿನ ಚಾಕು ತಯಾರಕರು ಆಳುವ ರಾಜನ ಅಕ್ಷರಗಳನ್ನು ಅಲಗಿನ ಮೇಲೆ ಒತ್ತುತ್ತಿದ್ದರಂತೆ: 1901ರವರೆಗೆ ವಿಕ್ಟೋರಿಯಾ ರಾಣಿಯ ವಿ ಆರ್ (ಆರ್ ಎಂದರೆ ಲ್ಯಾಟಿನ್ನಿನಲ್ಲಿ ರಾಣಿ ಅಥವಾ ರಾಜ), 1910ರವರೆಗೆ ಎಡ್ವರ್ಡನ ಇ ಆರ್, ಅನಂತರ ಜಾರ್ಜನ ಜಿ ಆರ್. ಗಾಂಧೀಜಿಯ ಅಧಿವೇಶನದಲ್ಲಿ ನಮ್ಮಜ್ಜ ಖಾದಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಓಡಾಡಿದ್ದು ಚಕ್ರವರ್ತಿಯ ರುಜುವನ್ನು. 1830ಕ್ಕೆ ಮೊದಲೂ ಒಬ್ಬ ಜಾರ್ಜ್ ಆಳಿದ್ದನೆಂದು ಕೇಳಿದೊಡನೆ ನಾನು ಇನ್ನೂರು ವರ್ಷದ ಲೆಕ್ಕ ಹಾಕಿ ಮನಸ್ಸಿನಲ್ಲೇ ಮನೆಗೆ ಎರಡನೆಯ ಅಂತಸ್ತು ಏರಿಸಿದೆ. ಸುಬೇದಾರರು ಅಕ್ಷರಗಳ ಕೆಳಗಿದ್ದ ‘ಇಂಗ್ಲೆಂಡ್’ ಎಂಬ ಮುದ್ರೆ ತೋರಿಸಿ ಆ ಅಂತಸ್ತನ್ನು ಕೆಡವಿದರು. ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕೆ 1890ರಲ್ಲಿ ಸುಂಕದ ಕಾಯಿದೆ ಮಾಡಿದ ಮೇಲೆ ಆ ಮುದ್ರೆ ರೂಢಿಗೆ ಬಂದಿತು. ಹಾಗಾಗಿ ಇವನು ಹೊಸ ಜಾರ್ಜನೇ.

ಹಿಡಿ ಮಾತ್ರ ಆನೆಯ ದಂತದ್ದೆಂದು ನನ್ನ ಹೆಂಡತಿ ಓಣಿಯೆಲ್ಲ ಹೇಳಿಕೊಂಡಿದ್ದಳು. ದಂತವಾದರೆ ಮಾರುವುದೇ ಅಪರಾಧ, ವನ್ಯಜೀವಿ ಕಾಯಿದೆ ಬಿಡುವುದಿಲ್ಲವೆಂದು ಅವರು ಹೇಳಿದಾಗ, ಅದುವರೆಗೆ ದಂತವಾಗಿರಲೆಂದು ಬೇಡುತ್ತಿದ್ದ ನಾನು ಅದೇ ಉಸಿರಿನಲ್ಲಿ ದಂತವಾಗದಿರಲೆಂದು ಬೇಡಿಕೊಂಡೆ. ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ದಾಟುವ ಸೂಕ್ಷ್ಮ ಗೆರೆಗಳಿರುತ್ತವಂತೆ. ನಮ್ಮದರಲ್ಲಿ ಇದ್ದವು ಸೂಜಿಯ ಮೊನೆ ಚುಚ್ಚಿದಂಥ ಕರಿ ಚುಕ್ಕೆಗಳು. ಅದು ದನದ ಎಲುಬು. ಮೂರು ತಲೆಮಾರು ಉಳ್ಳಾಗಡ್ಡಿಗೂ ಹಿಂದೆ ಮುಂದೆ ನೋಡುವ ನಮ್ಮ ಮನೆಯ ದೇವರ ಜಗಲಿಯ ಮೇಲೆ ಅದು ಪ್ರತಿ ಖಂಡೇಪೂಜೆಗೂ ಕಡುಬಿನ ನೈವೇದ್ಯ ಸ್ವೀಕರಿಸಿತ್ತು. ಈ ಒಂದು ಸಂಗತಿಯನ್ನು ನಾನು ಇಂದಿಗೂ ಮನೆಯಲ್ಲಿ ಬಾಯಿಬಿಟ್ಟಿಲ್ಲ.

ಕೊನೆಗೆ ಉಳಿದದ್ದು ತಯಾರಕರ ಹೆಸರು. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಗುರುತು ಜೋಸೆಫ್ ರಾಡ್ಜರ್ಸ್ ಕಂಪನಿಯದು, ಅದರ ಮೂಲ 1682ರಷ್ಟು ಹಿಂದಿನದು, ಅಸಲಿಯಾದರೆ ತಿಕ್ಕಿದ್ದಕ್ಕೂ ಗಿರಾಕಿ ಸಿಗುತ್ತಾನೆ ಎಂದರು ಸುಬೇದಾರರು. ಆದರೆ ಹೆಸರು ದೊಡ್ಡದಾದಲ್ಲಿ ನಕಲಿಯೂ ಬೆಳೆಯುತ್ತದಲ್ಲ; ಅಸಲಿ ಹೆಸರಿನ ನಡುವೆ ಡಿ ಅಕ್ಷರವಿರುತ್ತದೆ, ನಕಲು ಮಾಡುವವರು ಬಹುಶಃ ಅದನ್ನು ಬಿಟ್ಟೋ ಬದಲಿಸಿಯೋ ಒತ್ತುತ್ತಾರೆ. ಅವರು ಅಲಗನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ಬಹಳ ಹೊತ್ತು ನೋಡಿದರು. ಆರ್ ಇತ್ತು, ಓ ಇತ್ತು, ಆಚೆಗೆ ಜಿ ಇತ್ತು. ಓ ಮತ್ತು ಜಿ ನಡುವೆ ಒಂದು ಅಕ್ಷರಕ್ಕೆ ಸಾಲದ, ಆದರೆ ಬರಿದೆ ಬಿಡಲು ತುಸು ಹೆಚ್ಚೇ ಎನ್ನಿಸುವಷ್ಟು ಜಾಗವಿತ್ತು; ಅಲ್ಲಿ ಉಸುಕಿನ ಕಾಗದದ ಗೀರುಗಳು ಚೆನ್ನಾಗಿ ಹೊಳೆಯುತ್ತಿದ್ದವು.

"ನಿಮ್ಮ ಕೆಲಸದಾಕಿ ಭಾಳ ಜೋರದಾಳ ನೋಡ್ರಿ" ಎಂದು ಸುಬೇದಾರರು ಚಾಕು ಮಡಚಿ ನನ್ನ ಕೈಗಿಟ್ಟರು.