ಕಾದಂಬರಿಗೆ 25 ಸಾವಿರ, ಮನೆಯಾಕೆಗೆ 24

ನನ್ನ ಹೆಂಡತಿಗೆ ಗೃಹಲಕ್ಷ್ಮಿ ದುಡ್ಡು ಬರುತ್ತದೆ. ತಿಂಗಳಿಗೆ 2 ಸಾವಿರದಂತೆ ವರ್ಷಕ್ಕೆ 24 ಸಾವಿರ. ನಾನು ಐದು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದೇನೆ. ಅದಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ ಬಂದರೆ 25 ಸಾವಿರ. ಅದೂ ಒಂದೇ ಸಲ. ಒಟ್ಟಿನಲ್ಲಿ ಸಾಹಿತ್ಯ ಒಂದು ಸಾವಿರ ಮುಂದಿದೆ, ಬಂದರೆ! ಕಂತು ತಡವಾದರೆ ಆಕೆ ಅಕ್ಕಪಕ್ಕದವರ ಜೊತೆ ಸೇರಿ ಜೋರಾಗಿಯೇ ಕೇಳುತ್ತಾಳೆ. ಬಾರದ ಬಹುಮಾನವನ್ನು ನಾನು ಯಾರ ಹತ್ತಿರ ಕೇಳಲಿ?

ಹಾಗಾಗಿ ಕಣ್ಣು ರಾಜ್ಯೋತ್ಸವ ಪ್ರಶಸ್ತಿಯ ಮೇಲೆ. 5 ಲಕ್ಷ ರೂಪಾಯಿ, ಜೊತೆಗೆ 25 ಗ್ರಾಂ ಚಿನ್ನ. ಆದರೆ ವಯಸ್ಸು 60 ಆಗಿರಬೇಕಂತೆ, ನನಗಿನ್ನೂ 47. ಮೊದಲು ಬೇಜಾರಾಯಿತು. ಆಮೇಲೆ ಲೆಕ್ಕ ಹಾಕಿದೆ. ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಪ್ರಶಸ್ತಿ ಅಲ್ವಾ? 2024ರಲ್ಲಿ 69, 2025ರಲ್ಲಿ 70. ನಾನು ಅರವತ್ತು ಮುಟ್ಟುವಷ್ಟರಲ್ಲಿ ಎಂಬತ್ತು ದಾಟಿರುತ್ತದೆ. ನಾನು ಒಂದು ಸಾಲೂ ಬರೆಯದೆ ಸುಮ್ನೆ ಕೂತರೂ ವರ್ಷಕ್ಕೊಂದು ಸೀಟು ತಾನಾಗಿಯೇ ಜಾಸ್ತಿಯಾಗುತ್ತದೆ! ಅದರಲ್ಲಿ ಕೃಷಿ, ಕ್ರೀಡೆ, ರಂಗಭೂಮಿ ಎಲ್ಲರಿಗೂ ಪಾಲಿದೆ ಅನ್ನುವುದು ಬೇರೆ ಮಾತು. ಮಾಡಬೇಕಾದ್ದು ಒಂದೇ, ಬದುಕಿರಬೇಕು. ಬೆಳಿಗ್ಗೆ ಬರೆಯುತ್ತಿದ್ದ ಹೊತ್ತಿಗೆ ಈಗ ವಾಕಿಂಗ್ ಹೋಗುತ್ತೇನೆ. ಸಕ್ಕರೆ ಬಿಟ್ಟಿದ್ದೇನೆ. ಚಿನ್ನದ ರೇಟು ನೋಡಿದ ದಿನ ಎರಡು ಸುತ್ತು ಜಾಸ್ತಿ.

2025ರಲ್ಲಿ ನಮ್ಮ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. 50 ಸಾವಿರ ಪೌಂಡ್. ಅನುವಾದಿಸಿದ ದೀಪಾ ಭಾಸ್ತಿ ಅವರಿಗೆ ಅದರಲ್ಲಿ ಸರಿ ಅರ್ಧ. ಇಲ್ಲಿ ಅನುವಾದಕರ ಹೆಸರು ಮುಖಪುಟದಲ್ಲಿ ಕಂಡರೇ ಹಬ್ಬ. ಲಂಡನ್ನಿನ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಹಣ್ಣಿನ ಬುಟ್ಟಿ ಎಲ್ಲೂ ಕಾಣಲಿಲ್ಲ. ಮೈಸೂರು ಪೇಟವೂ ಇಲ್ಲ. ಪಾಪ, ದುಡ್ಡು ಕೊಟ್ಟು ಕೈತೊಳೆದುಕೊಂಡಿದ್ದಾರೆ.

ನನಗೂ ಒಂದು ಪ್ರಶಸ್ತಿ ಬಂದಿದೆ, ಹೇಳಿಬಿಡುತ್ತೇನೆ. ಸಂಘದ ಹೆಸರು ಬೇಡ. ಕಾರ್ಯದರ್ಶಿಯವರು ಫೋನ್ ಮಾಡಿ, "ಸಾರ್, 5 ಸಾವಿರ ನಗದು, ಶಾಲು, ಹಾರ, ಫಲತಾಂಬೂಲ" ಎಂದರು. ಖುಷಿಪಟ್ಟು ಮುಗಿಯುವುದರೊಳಗೆ, "ಸ್ಮರಣ ಸಂಚಿಕೆಗೆ ನಿಮ್ಮ ಕಡೆಯಿಂದ ಒಂದು ಜಾಹೀರಾತು ಸಾರ್, ಅರ್ಧ ಪುಟ, 5 ಸಾವಿರ" ಎಂದರು. ಲೆಕ್ಕ ಚುಕ್ತಾ. ಬಸ್ ಚಾರ್ಜು ನಂದೇ.

ಸಭಾಂಗಣಕ್ಕೆ ಬಾಡಿಗೆ ಕೊಟ್ಟಿದ್ದರು. ಫ್ಲೆಕ್ಸಿನವನಿಗೆ, ಮೈಕಿನವನಿಗೆ, ಪಲಾವಿನವನಿಗೆ ಮುಂಗಡವೇ ಹೋಗಿತ್ತು. ವೇದಿಕೆಯಲ್ಲಿ ನನಗೊಂದು ಕವರ್ ಕೊಟ್ಟರು. ಫೋಟೋ ತೆಗೆದರು. ಕೆಳಗಿಳಿದ ಮೇಲೆ ಖಜಾಂಚಿ ಹತ್ತಿರ ಬಂದು, "ಕವರ್ ಕೊಡಿ ಸಾರ್, ಇನ್ನಿಬ್ಬರಿದ್ದಾರೆ" ಎಂದು ಪಿಸುಗುಟ್ಟಿದರು. ಕವರ್ ಖಾಲಿ ಇದ್ದದ್ದು ಆಗಲೇ ಗೊತ್ತಾದದ್ದು. ದುಡ್ಡು ಅಕೌಂಟಿಗೆ ಹಾಕ್ತಾರಂತೆ. ಅಕೌಂಟ್ ನಂಬರ್ ಬರೆದುಕೊಂಡರು. ಬಹಳ ಶ್ರದ್ಧೆಯಿಂದ ಬರೆದುಕೊಂಡರು.

ಮನೆಗೆ ಬಂದು ಶಾಲು ಕೊಡವಿದೆ. ಒಂದು ಅಡಿಕೆ ಚೂರು, ಒಣಗಿದ ನಾಲ್ಕು ಸೇವಂತಿಗೆ ಎಸಳು ಉದುರಿದವು. ನನ್ನ ಹಾರ ಸುಗಂಧರಾಜದ್ದು. ನನಗಿಂತ ಮುಂಚೆ ಯಾರನ್ನೋ ಬೆಚ್ಚಗಿಟ್ಟ ಶಾಲು ಅದು.

ಮೊನ್ನೆ ಕಾರ್ಯದರ್ಶಿಯವರ ಫೋನ್ ಮತ್ತೆ ಬಂತು. ದುಡ್ಡಿನ ವಿಷಯವೇ ಇರಬೇಕು ಎಂದು ಎದ್ದು ನಿಂತು ಮಾತಾಡಿದೆ.

"ಸಾರ್, ಈ ವರ್ಷದ ಸಮಾರಂಭಕ್ಕೆ ನೀವೇ ಮುಖ್ಯ ಅತಿಥಿ. ಪ್ರಶಸ್ತಿ ಪ್ರದಾನ ನಿಮ್ಮ ಕೈಯಿಂದಲೇ ಆಗಬೇಕು."

"ಆಗಲಿ" ಎಂದೆ.

"ಹಾಗೇ ಬರುವಾಗ ಆ ಶಾಲು ತಂದುಬಿಡಿ. ಇಸ್ತ್ರಿ ಏನೂ ಬೇಡ."