ಮಿಲಿಗೆ 3 ರೂಪಾಯಿ 30 ಪೈಸೆ

ನಂಗೊಂದು ಕೆಟ್ಟ ಚಾಳಿ ಇದೆ, ಯಾವ ಸಾಮಾನು ತಗೊಂಡ್ರೂ ಎಂಆರ್‌ಪಿ ಪಕ್ಕ ಇರುವೆ ಸೈಜಲ್ಲಿ ಗ್ರಾಂಗಿಷ್ಟು, ಮಿಲಿಗಿಷ್ಟು ಅಂತ ಪ್ರಿಂಟ್ ಹಾಕಿರ್ತಾರಲ್ಲ, ಅದನ್ನ ಕನ್ನಡಕ ಹಣೆಗೇರಿಸ್ಕೊಂಡು ಓದ್ಲೇಬೇಕು. 2025ರ ಗೌರಿ ಹಬ್ಬದ ಸಾಮಾನು ತರಕ್ಕೆ ಹೋದಾಗ್ಲೂ ಅಷ್ಟೇ, ಆಫ್ಟರ್‌ಶೇವ್ ಇಟ್ಟಿರೋ ಕಡೆ ನಿಂತೋನು ನಿಂತೇ ಇದೀನಿ, ಅಷ್ಟೊತ್ತಿಗೆ ನಮ್ಮನೆಯವ್ಳು ಬಾಗಿನದ ಸಾಮಾನೆಲ್ಲ ಮುಗಿಸಿ ಬಿಲ್ ಹಾಕಿಸೋ ಕ್ಯೂನಲ್ಲಿ ನಿಂತಾಗಿತ್ತು. 50 ಮಿಲಿ ಬಾಟ್ಲಿ 190 ರೂಪಾಯಿ, 100 ಮಿಲಿದು 330. ಅಂದ್ರೆ ದೊಡ್ಡದ್ರಲ್ಲಿ ಮಿಲಿಗೆ 50 ಪೈಸೆ ಉಳಿತಾಯ. ಒಂದ್ಸಲಕ್ಕೆ 2 ಮಿಲಿ, ದಿನ ಬಿಟ್ಟು ದಿನ ಶೇವಿಂಗ್, ನವೆಂಬರ್ ಮುಗಿಯೋ ತನಕ ಬರುತ್ತೆ, ಒಂದು ಶೇವಿಗೆ 6 ರೂಪಾಯಿ 60 ಪೈಸೆ. ಎಕ್ಸೆಲ್‌ನಲ್ಲಿ ಹಾಕಿಟ್ಟೆ. ನಗಬೇಡಿ, ಮನೇಲಿ ಆಗ್ಲೇ ನಕ್ಕಾಗಿದೆ.

ಆಮೇಲೆ ಅದರ ಉರಿ ಬಗ್ಗೆ ಹೇಳ್ಬೇಕು. ದುಡ್ಡು ಕೊಟ್ಟು ಉರಿ ತಗೋಳೋ ಪ್ರಾಣಿ ಅಂದ್ರೆ ಗಂಡಸೇ ಇರ್ಬೇಕು. ಒಳಗಿರೋದು ಮುಖ್ಯವಾಗಿ ಸ್ಪಿರಿಟ್ಟು, ನೀರು, ಒಂಚೂರು ಸೆಂಟು. ಚರ್ಮದಲ್ಲಿ ಬಿಸಿ ಗುರುತಿಸೋ ನರ ಇರುತ್ತಲ್ಲ, ಸ್ಪಿರಿಟ್ ಸೋಕಿದ್ರೆ ಅದಕ್ಕೆ ನಮ್ಮ ಮೈಬಿಸೀನೇ ಸುಡೋ ಬಿಸಿ ಥರ ಅನ್ಸುತ್ತೆ, ಅಂದ್ರೆ ನಿಜವಾಗ್ಲೂ ಏನೂ ಸುಡ್ತಿಲ್ಲ, ಸುಮ್ನೆ ನಾವು ಕನ್ನಡಿ ಮುಂದೆ ಹಲ್ಲು ಕಚ್ಕೊಂಡು ಸ್ಸ್ ಸ್ಸ್ ಅಂತ ಕುಣೀತಿರ್ತೀವಿ.

ಇರ್ಲಿ. ಸರಿಯಾಗಿ ಒಂದು ತಿಂಗಳಿಗೆ ಬಾಟ್ಲಿ ಖಾಲಿ! ನಾನು ಶೇವ್ ಮಾಡಿದ್ದು 15 ಸಲ, ಹಂಗಾಗಿ ಒಂದು ಶೇವಿಗೆ ಬಿದ್ದಿದ್ದು 22 ರೂಪಾಯಿ. ಮನೇಲಿ ವಿಚಾರಣೆ ಇಟ್ಟೆ. ಮೊದಲು ಸಿಕ್ಕಾಕ್ಕೊಂಡೋನು ಮಗ, ಸೆಕೆಂಡ್ ಪಿಯು, ಮೀಸೆ ಇನ್ನೂ ಪೆನ್ಸಿಲ್ಲಲ್ಲಿ ಗೀಚ್ದಂಗಿದೆ, ಟ್ಯೂಷನ್‌ಗೆ ಹೋಗೋ ಮುಂಚೆ ಕತ್ತಿಗೆ, ಕಂಕುಳಿಗೆ, ಬ್ಯಾಗಿಗೆ ಸಮೇತ ಚಿಮುಕಿಸ್ಕೊಂಡು ಹೋಗ್ತಿದ್ನಂತೆ. ಹೆಂಡ್ತಿ ಮಾತ್ರ ಬಹಳ ಸಮಾಧಾನವಾಗಿ, "ರೀ, ನಿಮ್ಮ ಶರ್ಟ್ ಜೇಬಿಗೆ ಪೆನ್ನಿನ ಇಂಕ್ ಸೋರಿತ್ತಲ್ಲ, ಮತ್ತೆ ಹೆಂಗೆ ಹೋಯ್ತು ಅಂದ್ಕೊಂಡ್ರಿ?" ಅಂದ್ಲು. ಸ್ಪಿರಿಟ್ಟಿಗೆ ಬಾಲ್‌ಪೆನ್ ಇಂಕ್ ಬಿಡುತ್ತೆ ನಿಜ, ಆದ್ರೆ ಶರ್ಟ್‌ಗಳು ಮೂರು! ಅಮ್ಮ ಅಂತೂ ಕೇಳೋಕ್ಮುಂಚೇನೇ ಒಪ್ಕೊಂಡ್ರು, ಸೊಳ್ಳೆ ಕಚ್ಚಿದ ಕಡೆಗೆಲ್ಲ ಹಚ್ಕೋತಿದ್ರಂತೆ, "ತಣ್ಣಗಾಗುತ್ತೆ ಕಣೋ, ಒಳ್ಳೇ ಔಷಧಿ ತಂದಿದೀಯ."

ಖಾಲಿಯಾದ ಎರಡೇ ದಿನಕ್ಕೆ, ಸೆಪ್ಟೆಂಬರ್ 22ಕ್ಕೆ, ಜಿಎಸ್‌ಟಿ ಇಳೀತು. ಆಫ್ಟರ್‌ಶೇವಿಗೆ 18 ಪರ್ಸೆಂಟ್ ಇದ್ದಿದ್ದು 5 ಆಯ್ತು, ನನ್ನ 330ರ ಬಾಟ್ಲಿ ಲೆಕ್ಕದ ಪ್ರಕಾರ 294ಕ್ಕೆ ಬರ್ಬೇಕು. 36 ರೂಪಾಯಿ ಹೋಯ್ತಲ್ಲ ಅಂತ ಹೊಟ್ಟೆ ಉರ್ಕೊಂಡು ಕೂತಿರೋವಾಗ ಇನ್ನೊಂದು ಗಮನಕ್ಕೆ ಬಂತು, ಸೆಂಟಿಗೆ, ಡಿಯೋಡರೆಂಟಿಗೆ ತೆರಿಗೆ ಇಳಿದಿಲ್ಲ, ಅದೇ 18. ಅಂದ್ರೆ ಇನ್ಮೇಲೆ ಮಗ ಆಫ್ಟರ್‌ಶೇವನ್ನ ಸೆಂಟ್ ಥರ ಹೊಡ್ಕೊಂಡ್ರೆ ಅದು ಬರೀ ಕಳ್ಳತನ ಅಲ್ಲ, ತೆರಿಗೆ ವಂಚನೆ. ಅವನಿಗೆ ಹೇಳ್ದೆ. ಹೆಡ್‌ಫೋನ್ ಹಾಕ್ಕೊಂಡಿದ್ದ.

ಈ ಸಹವಾಸಾನೇ ಬೇಡ ಅಂತ ದೇವರಾಜ ಮಾರ್ಕೆಟ್ ಹತ್ರ ಗ್ರಂಥಿಗೆ ಅಂಗಡಿಗೆ ಹೋಗಿ 20 ರೂಪಾಯಿಗೆ ಪಟಿಕ ತಂದೆ, ಮುಷ್ಟಿ ಗಾತ್ರದ ಗಡ್ಡೆ. ಚಿಕ್ಕಂದಿನಲ್ಲಿ ಊರಲ್ಲಿ ಕಟಿಂಗ್ ಶಾಪಿನವರು ಶೇವಿಂಗ್ ಮುಗಿದ ಮೇಲೆ ಒದ್ದೆ ಕೆನ್ನೆ ಮೇಲೆ ಇದನ್ನೇ ಉಜ್ತಿದ್ದಿದ್ದು, ಗೀರು ಬಿದ್ದಿದ್ರೆ ರಕ್ತಾನೂ ನಿಲ್ಲುತ್ತೆ, ಚರ್ಮಾನೂ ಬಿಗಿಯಾಗುತ್ತೆ. ಸೆಂಟಿಲ್ಲ, ಹಂಗಾಗಿ ಮಗನಿಗೆ ಬೇಡ, ಇಂಕ್ ಹೋಗಲ್ಲ, ಹೆಂಡ್ತಿಗೂ ಬೇಡ. ಎರಡು ವರ್ಷ ಬಂದ್ರೂ ಬಂತು, ಶೇವಿಗೆ ಐದೂವರೆ ಪೈಸೆ! ಎಕ್ಸೆಲ್‌ನಲ್ಲಿ ಆ ಸಾಲಿಗೆ ಹಸಿರು ಬಣ್ಣ ಬಳಿದೆ.

ಅಮ್ಮನ್ನ ಲೆಕ್ಕಕ್ಕೆ ತಗೊಂಡಿರ್ಲಿಲ್ಲ ನಾನು.

ಅವತ್ತು ಮಳೆ ಬಂದು ನಲ್ಲಿ ನೀರು ಕೆಂಪಗೆ ಬರ್ತಿತ್ತು, ಅಮ್ಮ ಪಟಿಕ ನೋಡಿದ್ದೇ ಅರ್ಧ ಒಡೆದು ಹಂಡೆ ನೀರಲ್ಲಿ ತಿರುಗಿಸಿದ್ದಾರೆ, ಮಣ್ಣೆಲ್ಲ ತಳ ಸೇರಿ ನೀರು ತಿಳಿಯಾಗ್ಲಿ ಅಂತ. ಮಿಕ್ಕಿದ್ದರ್ಧ ಬಚ್ಚಲುಮನೇಲಿ ಇರುತ್ತೆ ಅಂದ್ಕೊಂಡು ಭಾನುವಾರ ಬೆಳಗ್ಗೆ ಶೇವ್ ಮುಗಿಸಿ ಕೈ ಚಾಚಿದ್ರೆ ಇಲ್ಲ. ಗಲ್ಲದ ಹತ್ರ ಗೀರ್ಕೊಂಡು ರಕ್ತ ಬೇರೆ ಬರ್ತಿದೆ. "ಅಮ್ಮಾ, ಪಟಿಕ ಎಲ್ಲಿ?" ಅಂದ್ರೆ ದೇವರ ಮನೆಯಿಂದ ಉತ್ತರ, "ಬಾಗಿಲಿಗೆ ಕಟ್ಟಿದೀನಿ. ಎದುರುಮನೆಯವ್ರು ನಿನ್ನೆ ನಮ್ಮ ಮನೆ ಪೇಂಟ್ ಚೆನ್ನಾಗಿದೆ ಅಂತ ಎರಡೆರಡು ಸಲ ಅಂದ್ರು."

ಹೋಗಿ ನೋಡಿದ್ರೆ ಕಪ್ಪು ದಾರದಲ್ಲಿ ಬಿಗಿದ ಪಟಿಕ ತೋರಣದ ಪಕ್ಕ ನೇತಾಡ್ತಿದೆ. ಬಿಚ್ಚೋಣ ಅಂದ್ರೆ ಅಮ್ಮ ಹಾಕಿರೋ ಗಂಟು ಬ್ರಹ್ಮಗಂಟು. ಒಂದು ಸ್ಟೂಲ್ ತಂದು ಹತ್ತಿ, ಬನಿಯನ್ ಪಂಚೇಲಿ ಹೊಸ್ತಿಲ ಮೇಲೆ ನಿಂತು, ಒದ್ದೆ ಗಲ್ಲಾನ ಪಟಿಕಕ್ಕೆ ಒತ್ತಿ ಆ ಕಡೆ ಈ ಕಡೆ ಉಜ್ಜೋಕೆ ಶುರು ಮಾಡ್ದೆ. ಆಗ್ಲೇ ಎದುರುಮನೆ ಆಂಟಿ ರಂಗೋಲಿ ಹಾಕಕ್ಕೆ ಬಂದ್ರು. ಹಿಟ್ಟಿನ ಡಬ್ಬಿ ಹಿಡ್ಕೊಂಡು ಹಂಗೇ ನಿಂತ್ರು.

ಒಳಗಿಂದ ಅಮ್ಮ ಓಡಿ ಬಂದು ಕೂಗಿದ್ದು ಇಡೀ ಬೀದಿಗೆ ಕೇಳಿಸ್ತು, "ಲೇ, ಮುಖಕ್ಕೆ ಹಚ್ಬೇಡ್ವೋ, ಅವರ ಕಣ್ಣೆಲ್ಲ ಅದರಲ್ಲೇ ಇದೆ!"