ಕೆರೆಗೆ ಏಳು ಪ್ರದಕ್ಷಿಣೆ

ಬ್ರೇಕ್ ಇರುವುದು ಗಾಡಿಯನ್ನು ನಿಲ್ಲಿಸುವುದಕ್ಕೆ ಎಂದೇ ನಾನು ನಲವತ್ತೈದು ವರ್ಷ ನಂಬಿಕೊಂಡಿದ್ದೆ. ಆರು ಗಾಲಿಯ ನೆಲಜಲ ಗಾಡಿಯಲ್ಲಿ ತಿರುಗಿಸುವ ಕೆಲಸವೂ ಅದರದ್ದೇ ಎಂಬುದು ನನಗೆ ಮನದಟ್ಟಾದದ್ದು ಕೆನಡಾದ ಆಂಟೇರಿಯೊದಲ್ಲಿ, ಮಸ್ಕೋಕಾ ಸೀಮೆಯ ಒಂದು ಪುಟ್ಟ ಕೆರೆಯ ನಡುವೆ, ಎಡಕ್ಕೆ ಏಳನೆಯ ಸುತ್ತು ಹಾಕುತ್ತಿದ್ದಾಗ. ಐದನೆಯ ಸುತ್ತಿನವರೆಗೂ ದಡದಿಂದ ಖುಷಿಯಾಗಿ ಕೈ ಬೀಸುತ್ತಿದ್ದ ನನ್ನ ಹೆಂಡತಿ ಆರನೆಯದಕ್ಕೆ ಅನುಮಾನಗೊಂಡು, "ರೀ, ನಡುವೆ ಯಾವುದಾದರೂ ದೇವಸ್ಥಾನ ಕಂಡಿತೇನ್ರೀ?" ಎಂದು ಕೂಗಿ ಕೇಳಿದಳು.

ಆಂಟೇರಿಯೊ ಈ ಜಾತಿಯ ಗಾಡಿಗಳ ತವರುಮನೆಯಿದ್ದಂತೆ. ನ್ಯೂ ಹ್ಯಾಂಬರ್ಗ್ ಎಂಬ ಸಣ್ಣ ಊರಿನಲ್ಲಿ 1967ರಿಂದ ಆರ್ಗೊ ಗಾಡಿಗಳು ತಯಾರಾಗುತ್ತಿವೆ. ನಾನೂ ನನ್ನ ಭಾವಮೈದನೂ ಪಾಲಿನಲ್ಲಿ ಕೊಂಡ ಹಳೆಯ ಗಾಡಿ ಯಾರ ತಯಾರಿಕೆ ಎಂಬುದನ್ನು ಹೇಳುವುದಿಲ್ಲ. ಮುಂದೆ ನಡೆದದ್ದರಲ್ಲಿ ಅವರ ತಪ್ಪೇನೂ ಇಲ್ಲ. ಪ್ಲಾಸ್ಟಿಕ್ಕಿನ ದೊಡ್ಡ ಬಾನಿಯೊಂದಕ್ಕೆ ಬಲೂನಿನಂಥ ಆರು ಟೈರು ಸಿಕ್ಕಿಸಿದರೆ ಹೇಗಿರುತ್ತದೋ ಹಾಗಿದೆ ಅದು. ನೀರಿಗಿಳಿದರೆ ಟೈರಿನ ಹಲ್ಲುಗಳೇ ಹುಟ್ಟುಗಳಾಗಿ, ಮನುಷ್ಯ ನಡೆಯುವಷ್ಟು ವೇಗದಲ್ಲಿ ಅದನ್ನು ಮುಂದಕ್ಕೆ ತಳ್ಳುತ್ತವೆ. ಕಾರಿನಂತೆ ಮುಂದಿನ ಗಾಲಿಗಳು ಎಡಬಲಕ್ಕೆ ಹೊರಳುವುದಿಲ್ಲ. ಎಡಗಡೆಯ ಮೂರು ಗಾಲಿಗಳನ್ನು ಒಂದು ಸರಪಳಿಯ ಸಾಲು, ಬಲಗಡೆಯ ಮೂರನ್ನು ಇನ್ನೊಂದು ಸಾಲು ಓಡಿಸುತ್ತವೆ. ಎಡಗಡೆಯ ಬ್ರೇಕ್ ಹಿಡಿದರೆ ಆ ಸಾಲು ನಿಂತು, ಇಂಜಿನ್ನಿನ ಓಟವನ್ನು ಎರಡೂ ಸಾಲಿಗೆ ಹಂಚುವ ಡಿಫರೆನ್ಷಿಯಲ್ಲಿನ ಕೃಪೆಯಿಂದ ಅದರ ಪಾಲಿನ ವೇಗವೆಲ್ಲ ಬಲಕ್ಕೆ ಹೋಗಿ, ಗಾಡಿ ಎಡಕ್ಕೆ ತಿರುಗುತ್ತದೆ. ಆದ್ದರಿಂದ ಇಲ್ಲಿ ಒಂದು ಬ್ರೇಕ್ ಕೆಟ್ಟರೆ ಒಂದು ದಿಕ್ಕೇ ಕೈತಪ್ಪಿತೆಂದು ತಿಳಿಯಬೇಕು.

ನಮ್ಮ ಗಾಡಿಯಲ್ಲಿದ್ದದ್ದು ತಂತಿಯ ಬ್ರೇಕ್. ಹಿಂದಿನ ದಿನ ನೀರಿನಲ್ಲಿ ಆಡಿ ಬಂದಾಗ ತಂತಿಯ ಕವಚದೊಳಗೆ ಸೇರಿದ್ದ ನೀರು ನವೆಂಬರಿನ ರಾತ್ರಿಯ ಚಳಿಗೆ ಹೆಪ್ಪುಗಟ್ಟಿತ್ತು. ಬೆಳಿಗ್ಗೆ ಕೆರೆಯ ನಡುವೆ ಎಡಗಡೆಯ ಹಿಡಿಕೆಯನ್ನು ಬಲವಾಗಿ ಎಳೆದೆ. ತಂತಿ ಹೋಯಿತು, ಆದರೆ ಮರಳಿ ಬರಲಿಲ್ಲ. ಏಳನೆಯ ಸುತ್ತು ಮುಗಿಯುವ ಹೊತ್ತಿಗೆ ಇಂಜಿನ್ನಿನ ಬಿಸಿಗೆ ಮಂಜು ಕರಗಿ ನನಗೆ ಬಿಡುಗಡೆಯಾಯಿತು. ಹೆಂಡತಿಯ ಪಾಲಿಗೆ ಮಾತ್ರ ಆ ಕೆರೆ ಅಂದಿನಿಂದ ಪುಣ್ಯಕ್ಷೇತ್ರ.

ಆ ರಾತ್ರಿಯೇ, ತಂತಿಯ ಬದಲು ಕೊಳವೆಯೊಳಗಿನ ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕಿನ ಪ್ರಸ್ತಾಪ ಬಂತು. "ಭಾವ, ಕಿರುಬೆರಳಲ್ಲಿ ಎಳೆದರೂ ಸಾಕು, ಪ್ಯಾಡ್ ಸವೆದಂತೆಲ್ಲ ಅದೇ ಸರಿಹೊಂದಿಸಿಕೊಳ್ಳುತ್ತದೆ, ನೀವು ದಿನಾ ಸ್ಪ್ಯಾನರ್ ಹಿಡಿದು ಕೂರಬೇಕಾಗಿಲ್ಲ" ಎಂದು ಭಾವಮೈದ ವಾದಿಸಿದ. ತೀರ್ಥಹಳ್ಳಿಯಿಂದ ಫೋನಿನಲ್ಲಿ ಸಿಕ್ಕ ಅಪ್ಪ ಮಾತ್ರ ತಂತಿಯ ಪಕ್ಷ. "ತಂತಿ ಹರಿಯೋ ಮೊದಲು ಒಂದೊಂದೇ ಎಳೆ ಬಿಟ್ಟು ಹೇಳಿ ಹೋಗ್ತದೆ ಮಾರಾಯ, ಎಣ್ಣೆ ಹೇಳದೆ ಹೋಗ್ತದೆ" ಎಂಬುದು ಅವರ ಸೈಕಲ್ ಅನುಭವದ ಸಾರ. ಅಪ್ಪನದು ಹಳೆಯ ಕಾಲದ ಮಾತೆಂದು ನಗುವಂತಿಲ್ಲ. 1921ರಲ್ಲೇ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗೆ ಹೈಡ್ರಾಲಿಕ್ ಬ್ರೇಕ್ ಬಂದಿದ್ದರೂ, ಹೆನ್ರಿ ಫೋರ್ಡ್ ಉಕ್ಕಿನ ಸರಳು, ತಂತಿಗಳನ್ನೇ ನೆಚ್ಚಿಕೊಂಡಿದ್ದು 1939ರ ಮಾದರಿಗಳ ಹೊತ್ತಿಗಷ್ಟೇ ಮಣಿದರು.

ನಾನೂ ಮಣಿದೆ. ತಂತಿಗಳನ್ನೆಲ್ಲ ಕಿತ್ತೆಸೆದು ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರ್, ಆ ಒತ್ತಡಕ್ಕೆ ಪ್ಯಾಡುಗಳನ್ನು ಅದುಮುವ ಕ್ಯಾಲಿಪರ್‌ಗಳನ್ನು ಕೂಡಿಸಿದ್ದಾಯಿತು. ಇನ್ನು ಬ್ರೇಕ್ ಆಯಿಲ್. ಅದರಲ್ಲಿ ಡಾಟ್ 3, ಡಾಟ್ 4, ಡಾಟ್ 5, ಡಾಟ್ 5.1 ಎಂಬ ನಾಲ್ಕು ಮತಗಳಿವೆ. 5 ಸಿಲಿಕೋನಿನದು, 5.1 ಅದರ ತಮ್ಮನಿರಬೇಕೆಂದುಕೊಂಡರೆ, ಅದು ಮರಳಿ 3 ಮತ್ತು 4ರ ಗೋತ್ರಕ್ಕೇ ಸೇರಿದ್ದು. ಈ ಹೆಸರಿಟ್ಟ ಮಹಾನುಭಾವರನ್ನು ಒಮ್ಮೆ ನಮ್ಮ ಗಾಡಿಯಲ್ಲಿ ಕೂರಿಸಬೇಕೆಂಬ ಆಸೆ ನನಗಿದೆ. ಡಾಟ್ 4 ಗಾಳಿಯಲ್ಲಿನ ತೇವವನ್ನೂ ಬಿಡದೆ ಕುಡಿಯುತ್ತದೆ: ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕಾದ ಎಣ್ಣೆ, ನೀರು ಕುಡಿದ ಮೇಲೆ 155ಕ್ಕೇ ಕುದಿಯಬಹುದು. ಪ್ರತಿ ತಿರುವಿಗೂ ಬ್ರೇಕ್ ಉಜ್ಜಿ ಬಿಸಿಯಾಗುವ, ಅರ್ಧ ಆಯುಷ್ಯ ನೀರಿನಲ್ಲಿ ಕಳೆಯುವ ಗಾಡಿಗೆ ಇಂಥ ಎಣ್ಣೆ ತುಂಬುವುದು ಕುಡುಕನನ್ನು ಹೆಂಡದಂಗಡಿಯ ಕಾವಲಿಗೆ ಇಟ್ಟಂತೆ. ಆದರೂ ಅದನ್ನೇ ತಂದೆ, ಏಕೆಂದರೆ ಅಂಗಡಿಯಲ್ಲಿ ಇದ್ದದ್ದು ಅದೊಂದೇ.

ಕೊಳವೆಗಳಲ್ಲಿ ಹಿಡಿದ ಗಾಳಿ ತೆಗೆಯಲು ಇಬ್ಬರು ಬೇಕು. ಹಿಡಿಕೆಯ ಬಳಿ ಹೆಂಡತಿ ಕುಳಿತಳು, ಗಾಡಿಯ ಹೊಟ್ಟೆಯೊಳಗೆ ನಾನು ತಲೆ ತೂರಿಸಿದೆ. "ಒತ್ತು" ಎಂದರೆ ಒತ್ತಬೇಕು, "ಹಿಡಿ" ಎಂದರೆ ಹಿಡಿದೇ ಇರಬೇಕು; ನಾನು ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿದು "ಬಿಡು" ಎಂದಾಗಲೇ ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿ ಮತ್ತೆ ಒಳಗೆ. ನಾಲ್ಕನೆಯ ಸಲ ಗುಳ್ಳೆಯಿಲ್ಲದ ಎಣ್ಣೆ ಬರುತ್ತಿದೆ ಎನ್ನುವಷ್ಟರಲ್ಲಿ ನನ್ನ ಮೂಗಿನ ಮೇಲೆ ಎಣ್ಣೆಯ ಹನಿ ಬಿದ್ದು, "ಥೂ, ಬಿಡು ಅತ್ಲಾಗೆ" ಎಂದುಬಿಟ್ಟೆ. ಅವಳು ಬಿಟ್ಟಳು. ಗಾಬರಿಯಲ್ಲಿ ನಾನು ಭಾವಮೈದನ ಹೊಸ ಕಾರಿನ ಬಾನೆಟ್ಟಿನ ಮೇಲಿಟ್ಟಿದ್ದ ಡಬ್ಬಿಯೂ ಉರುಳಿತು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆಂದು ಓದಿದ್ದೆ. ಎಷ್ಟು ರುಚಿಯಾಗಿ ತಿನ್ನುತ್ತದೆಂದು ಮರುದಿನ ಕಂಡೆ. ಆ ಬೋಳು ಕಲೆ ಶ್ರೀಲಂಕಾದ ನಕಾಶೆಯಂತಿದೆ.

ಹೊಸ ಬ್ರೇಕ್ ಬೆಣ್ಣೆಯಂತೆ ಕೆಲಸ ಮಾಡಿತು. ಎಡಕ್ಕೂ ತಿರುಗಿದೆ, ಬಲಕ್ಕೂ ತಿರುಗಿದೆ, ತೋಳು ನೋಯಲಿಲ್ಲ. ಆ ಸಂಭ್ರಮದಲ್ಲಿ ಗಾಡಿಯನ್ನು ದಡದ ಇಳಿಜಾರಿನಲ್ಲಿ ನಿಲ್ಲಿಸಿ ಚಹಾ ಕುಡಿಯಲು ಒಳಗೆ ಹೋದೆವು. ಹಿಡಿಕೆಯನ್ನು ಎಳೆದಲ್ಲೇ ನಿಲ್ಲಿಸುವ ಹಲ್ಲುಪಟ್ಟಿ ಆ ಹಳೆಯ ತಂತಿಯ ಜೋಡಣೆಯಲ್ಲೇ ಇತ್ತು, ತಂತಿಯೊಂದಿಗೆ ಅದೂ ಕಸಕ್ಕೆ ಹೋಗಿತ್ತು, ಹೈಡ್ರಾಲಿಕ್ ಬ್ರೇಕ್ ಕೈ ಒತ್ತಿರುವಷ್ಟು ಹೊತ್ತು ಮಾತ್ರ ಹಿಡಿಯುತ್ತದೆ ಎಂಬುದೆಲ್ಲ ನಮಗೆ ಹೊಳೆದದ್ದು ಕಿಟಕಿಯಿಂದ ನೋಡಿದಾಗ. ಗಾಡಿ ಯಾರ ಹಂಗೂ ಇಲ್ಲದೆ ಉರುಳಿ, ನೀರಿಗಿಳಿದು, ಮುಳುಗದೆ, ಎರಡು ಬಾತುಕೋಳಿಗಳ ಹಿಂದೆ ಆಚೆಯ ದಡದತ್ತ ತೇಲಿ ಹೋಗುತ್ತಿತ್ತು. ನೆರೆಮನೆಯ ಮುದುಕರೊಬ್ಬರು ದೋಣಿಯಲ್ಲಿ ಹೋಗಿ, ಹಗ್ಗ ಕಟ್ಟಿ, ತಪ್ಪಿಸಿಕೊಂಡ ಎಮ್ಮೆಯನ್ನು ತರುವಂತೆ ಎಳೆದು ತಂದರು.

ಭಾನುವಾರ ಅಪ್ಪ ಫೋನ್ ಮಾಡಿ, "ಅಂತೂ ಯಾವ ಬ್ರೇಕ್ ಹಾಕಿದ್ಯೋ?" ಎಂದು ಕೇಳಿದರು. ಘಾಟಿಯ ಏರಿನಲ್ಲಿ ಲಾರಿ ನಿಂತೊಡನೆ ಕ್ಲೀನರ್ ಕೆಳಗೆ ಜಿಗಿದು ಗಾಲಿಯ ಹಿಂದೆ ಇಡುತ್ತಾನಲ್ಲ, ಸದ್ಯಕ್ಕೆ ಅದೇ ಎಂದೆ.

"ಎಂಥದು, ಕಲ್ಲಾ?" ಎಂದರು.

"ಹೌದಪ್ಪ. ಎರಡು."